ಪಟ್ಟಿ ಕಟ್ಟಿದರೂ ಲ್ಯೂಟ್ ಆಕಾಶ ನೋಡುತ್ತದೆ, ಕುತ್ತಿಗೆ ಕೆಳಗಿಳಿಯುತ್ತದೆ: ಪರಿಹಾರವೇನು?

ಪ್ರಶ್ನೆ: ಕೋಥ್ರೂಡ್, ಪುಣೆ

ಹನ್ನೆರಡು ವರ್ಷ ಸರಸ್ವತಿ ವೀಣೆ ನುಡಿಸಿದ ನಾನು ಎಂಟು ತಿಂಗಳಿಂದ ಯೂರೋಪಿನ ಹಳೆಯ ತಂತಿವಾದ್ಯವಾದ ರೆನೆಸಾನ್ಸ್ ಲ್ಯೂಟ್ ಕಲಿಯುತ್ತಿದ್ದೇನೆ. ನನ್ನದು ಎಂಟು ಕೋರ್ಸಿನ ವಾದ್ಯ, ಅಂದರೆ ಮೊದಲನೆಯದು ಒಂಟಿ ತಂತಿ, ಉಳಿದ ಏಳು ಜೋಡಿ, ಒಟ್ಟು 15 ತಂತಿಗಳು. ಕುತ್ತಿಗೆಯ ತುದಿಯ ಮೇರುವಿನಿಂದ ತಂತಿ ಕಟ್ಟುವ ಕುದುರೆಯವರೆಗೆ 59 ಸೆಂ.ಮೀ. ಇದೆ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರೆ 810 ಗ್ರಾಂ ಬಂತು. ಇಷ್ಟು ಹಗುರವಾದ ವಾದ್ಯವನ್ನು ಹಿಡಿದು ಕೂರುವುದೇ ದೊಡ್ಡ ಕೆಲಸವಾದೀತೆಂದು ನಾನು ಎಣಿಸಿರಲಿಲ್ಲ. ವೀಣೆಯ ಕೊಡ ನೆಲದ ಮೇಲೆ, ಸೋರೆಬುರುಡೆ ಎಡ ತೊಡೆಯ ಮೇಲೆ ಕುಳಿತುಬಿಟ್ಟರೆ ಆಮೇಲೆ ವಾದ್ಯದ ಚಿಂತೆಯೇ ಇರುವುದಿಲ್ಲ. ಲ್ಯೂಟಿನ ಕೊಡವೋ ಉದ್ದಕ್ಕೆ ಸೀಳಿದ ಪಪ್ಪಾಯಿಯ ಹಾಗಿದ್ದು, ತೊಡೆಯ ಮೇಲೆ ಎಲ್ಲಿಟ್ಟರೂ ಉರುಳುತ್ತದೆ.

ಆದ್ದರಿಂದ ಗಿಟಾರಿಗೆ ಹಾಕುವ ನೈಲಾನ್ ಪಟ್ಟಿಯೊಂದನ್ನು ತಂದು, ಒಂದು ತುದಿಯನ್ನು ವಾದ್ಯದ ಬಾಲದಲ್ಲಿರುವ ಮರದ ಗುಂಡಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ದಪ್ಪ ಲಾಡಿಯಿಂದ ಬಿರಡೆಪೆಟ್ಟಿಗೆಯ ಬುಡಕ್ಕೆ ಕಟ್ಟಿ, ಎಡ ಹೆಗಲ ಮೇಲಿಂದ ಹಾಕಿಕೊಂಡೆ. ಜಾರಿ ಬೀಳುವ ಭಯ ಹೋಯಿತು, ಆದರೆ ಬೇರೆ ತೊಂದರೆಗಳು ಶುರುವಾದವು. ಹತ್ತು ನಿಮಿಷದೊಳಗೆ ಮುಖಹಲಗೆ ಮೇಲಕ್ಕೆ ವಾಲಿ ಆಕಾಶ ನೋಡತೊಡಗುತ್ತದೆ. ಕುತ್ತಿಗೆಯ ತುದಿ ಮೆಲ್ಲಗೆ ಕೆಳಗಿಳಿಯುತ್ತದೆ, ಅದನ್ನು ಎಡ ಹೆಬ್ಬೆರಳಿನಿಂದ ಎತ್ತಿ ಹಿಡಿದೂ ಹಿಡಿದೂ ಅರ್ಧ ಗಂಟೆಗೆ ಬೆರಳಿನ ಬುಡ ನೋಯುತ್ತದೆ. ಮೊದಲ ತಂತಿ ಎಷ್ಟು ಸಲ ಶ್ರುತಿ ಮಾಡಿದರೂ ಇಳಿಯುತ್ತದೆ. ಇದರ ಮೇಲೆ, ಪಟ್ಟಿಯ ಮೇಲೆ ಭಾರ ಬಿದ್ದಾಗಲೆಲ್ಲ ಬಾಲದ ಗುಂಡಿ ಕಿರ್ ಎನ್ನುತ್ತದೆ. ಇಲ್ಲಿಯ ರಿಪೇರಿಯವರೊಬ್ಬರು ಆ ಗುಂಡಿಯನ್ನು ತೆಗೆದು ಗಿಟಾರಿನ ಸ್ಕ್ರೂ ಗುಂಡಿ ಹಾಕಿಕೊಡುವುದಾಗಿ ಹೇಳುತ್ತಿದ್ದಾರೆ. ಹಾಕಿಸಬಹುದೇ?

ಉತ್ತರ: ಠಾಣೆ

ನೈಲಾನ್ ಪಟ್ಟಿ ಕಿರಿದಾದ್ದರಿಂದ ಹೀಗಾಗುತ್ತಿರಬಹುದು. ಹೆಗಲಿಗೆ ಮೆತ್ತೆಯಿರುವ ಅಗಲವಾದ ಪಟ್ಟಿ ಹಾಕಿ ನೋಡಿ. ನನ್ನ ಬಾಸ್ ಗಿಟಾರಿಗೆ ಅದರಿಂದ ತುಂಬ ಅನುಕೂಲವಾಗಿದೆ.

ಉತ್ತರ: ಮಾಟುಂಗಾ, ಮುಂಬಯಿ

ಮೇಲಿನ ಸಲಹೆ ನಾಲ್ಕು ಕಿಲೋ ತೂಗುವ ಗಿಟಾರಿಗೆ ಸರಿ. ಅಲ್ಲಿ ಪಟ್ಟಿಯ ಕೆಲಸ ಭಾರ ಹೊರುವುದು. ಲ್ಯೂಟಿನಲ್ಲಿ ಹೊರಬೇಕಾದ ಭಾರವೇ ಇಲ್ಲ. ತಡೆಯಬೇಕಾದದ್ದು ಅದರ ಚಲನೆಯನ್ನು. ಅದರಲ್ಲೂ ಎರಡು ಬಗೆಯ ಚಲನೆಗಳಿದ್ದು, ಅವೆರಡಕ್ಕೂ ಒಂದೇ ಪಟ್ಟಿಯಿಂದ ಉತ್ತರ ಸಿಗುವುದಿಲ್ಲ. ನೀವು ಹೇಳಿದ ನಾಲ್ಕು ತೊಂದರೆಗಳಲ್ಲಿ ಮೂರನ್ನು ನಾನೂ ಒಂದು ವರ್ಷ ಅನುಭವಿಸಿದ್ದೇನೆ.

ಮೊದಲು ಆಕಾಶ ನೋಡುವ ವಿಚಾರ. ತೊಟ್ಟಿಲನ್ನು ನೆನೆಸಿಕೊಳ್ಳಿ. ಅದನ್ನು ಅಂಚಿನಲ್ಲಿ ಹಿಡಿದು ತೂಗುಹಾಕಿದಾಗ ಹೊಟ್ಟೆಯ ಭಾಗ ಕೆಳಗೆ ಬಂದು ಬಾಯಿ ಮೇಲಾಗಿಯೇ ನಿಲ್ಲುತ್ತದೆ, ಬೇರೆ ರೀತಿಯಲ್ಲಿ ನಿಲ್ಲಲು ಸಾಧ್ಯವಿಲ್ಲ. ನಿಮ್ಮ ಪಟ್ಟಿಯ ಎರಡು ತುದಿಗಳೂ, ಅಂದರೆ ಬಾಲದ ಗುಂಡಿ ಮತ್ತು ಬಿರಡೆಪೆಟ್ಟಿಗೆಯ ಬುಡ, ಮುಖಹಲಗೆಯ ಮಟ್ಟಕ್ಕೆ ಹತ್ತಿರದಲ್ಲಿವೆ. ಕೊಡದ ತೂಕ ಇರುವುದು ಅವೆರಡನ್ನೂ ಸೇರಿಸುವ ಗೆರೆಯ ಹಿಂದೆ. ಹೆಗಲ ಪಟ್ಟಿಯ ಮೇಲೆ ನೀವು ವಾದ್ಯವನ್ನು ತೂಗುಬಿಟ್ಟಷ್ಟೂ ಕೊಡ ತನ್ನ ಸ್ವಭಾವದಂತೆ ಕೆಳಗೆ ಬರುತ್ತದೆ, ಮುಖ ಮೇಲಾಗುತ್ತದೆ. ಬಲ ಮುಂಗೈಯನ್ನು ವಾದ್ಯದ ಮೇಲಂಚಿನ ಮೇಲೆ ಒತ್ತಿ ಅದನ್ನು ಸರಿಪಡಿಸಲು ಹೋದರೆ ಮೇಲಂಚು ಎದೆಯ ಕಡೆಗೆ ಬಂದು ವಾಲುವಿಕೆ ಇನ್ನೂ ಹೆಚ್ಚುತ್ತದೆ. ಪಟ್ಟಿಯನ್ನು ಅಗಲ ಮಾಡಿದರೆ ಈ ಲೆಕ್ಕದಲ್ಲಿ ಏನೂ ಬದಲಾಗುವುದಿಲ್ಲ.

ಕುತ್ತಿಗೆ ಇಳಿಯುವುದಕ್ಕೆ ಕಾರಣ ಬೇರೆ. ನುಣುಪಾದ ನೈಲಾನು ನಿಮ್ಮ ಹೆಗಲ ಮೇಲೆ ಬಾವಿಯ ರಾಟೆಯ ಮೇಲಿನ ಹಗ್ಗದಂತೆ ಓಡುತ್ತದೆ. ಬಾಲ ಎರಡು ಬೆರಳಷ್ಟು ಮೇಲೇರಿದರೆ ಕುತ್ತಿಗೆ ಅಷ್ಟೇ ಕೆಳಗಿಳಿಯುತ್ತದೆ, ಪಟ್ಟಿ ಮಾತ್ರ ಬಿಗಿಯಾಗಿಯೇ ಇರುತ್ತದೆ. ಆದ್ದರಿಂದ ಕಟ್ಟಬೇಕಾದದ್ದು ಕುತ್ತಿಗೆಯನ್ನಲ್ಲ, ಬಾಲವನ್ನು. ಬಾಲದ ಗುಂಡಿಯಿಂದ ಒಂದೇ ಒಂದು ತೊಗಲಿನ ಬಾರನ್ನು ಕೆಳಗಿಳಿಸಿ ಅದರ ಮೇಲೆ ನೀವು ಕುಳಿತುಬಿಡಿ: ಬಾರು ಬಲ ತೊಡೆಯ ಕೆಳಗೆ, ಕುರ್ಚಿಗೂ ತೊಡೆಗೂ ನಡುವೆ ಸಿಕ್ಕಿಕೊಳ್ಳಬೇಕು. ಬಾಲ ಮೇಲೇಳಲಾರದು, ಬಾಲ ಏಳದಿದ್ದರೆ ಕುತ್ತಿಗೆ ಇಳಿಯಲಾರದು, ಏಕೆಂದರೆ ನಡುವೆ ನಿಮ್ಮ ತೊಡೆ ಏತದ ಕಂಬದ ಹಾಗೆ ನಿಂತಿರುತ್ತದೆ. ಇಂದು ಅನೇಕ ಲ್ಯೂಟ್ ವಾದಕರು ಬಳಸುವ ಉಪಾಯ ಇದೇ, ನೋಡಲು ಏನೂ ಅಲ್ಲವೆನ್ನಿಸಿದರೂ.

ಉರುಳುವುದನ್ನು ತಡೆಯಲು ಪಟ್ಟಿಗಿಂತ ಘರ್ಷಣೆ ಮೇಲು. ಕಾರು ಒರೆಸಲು ಬಳಸುವ ನಿಜವಾದ ಶ್ಯಾಮಿ ತೊಗಲನ್ನು ಮಡಿಸಿ ಬಲ ತೊಡೆಯ ಮೇಲೆ ಹಾಸಿ, ಅದರ ಮೇಲೆ ಕೊಡವನ್ನು ಇಡಿ. ಇನ್ನೊಂದು ಅಂಚು ಹೊಟ್ಟೆಗೂ ಕೊಡಕ್ಕೂ ನಡುವೆ ಬರಲಿ. ಡ್ರಾಯರಿನಲ್ಲಿ ಹಾಸುವ ರಬ್ಬರಿನಂಥ ಪಿವಿಸಿ ಜಾಲರಿಯನ್ನು ಕೆಲವರು ಬಳಸುತ್ತಾರೆ, ಹಿಡಿತವೂ ಚೆನ್ನಾಗಿರುತ್ತದೆ, ಆದರೆ ಅದರಲ್ಲಿರುವ ಮೆದುಕಾರಕಗಳು ವಾರ್ನಿಷನ್ನು ಅಂಟಂಟು ಮಾಡಬಲ್ಲವು. ಅದರ ಮೇಲೆ ವಾದ್ಯವನ್ನು ರಾತ್ರಿಯಿಡೀ ಬಿಡುವುದಂತೂ ಬೇಡವೇ ಬೇಡ. ರೇಷ್ಮೆ ಅಥವಾ ಪಾಲಿಯೆಸ್ಟರ್ ಉಟ್ಟು ಅಭ್ಯಾಸಕ್ಕೆ ಕೂರುವುದನ್ನೂ ಸದ್ಯಕ್ಕೆ ಬಿಡಿ.

ಇದೇನೂ ಹೊಸ ಸಮಸ್ಯೆಯಲ್ಲ. 1676ರಲ್ಲಿ ಇಂಗ್ಲೆಂಡಿನ ಥಾಮಸ್ ಮೇಸ್ ಲ್ಯೂಟ್ ಕಲಿಯುವವರಿಗೆ ಕೊಟ್ಟ ಸೂಚನೆಯೆಂದರೆ ಮೇಜಿನ ಎದುರು ನೆಟ್ಟಗೆ ಕುಳಿತು, ವಾದ್ಯದ ಕೆಳ ಭಾಗವನ್ನು ಬಲ ತೊಡೆಯ ಮೇಲಿಟ್ಟು, ಅದರ ಕೆಳ ಅಂಚನ್ನು ಮೇಜಿನ ಅಂಚಿಗೆ ಒತ್ತಿ, ಎದೆಯನ್ನು ಕೊಡಕ್ಕೆ ಆನಿಸಿ, ಪಕ್ಕದಲ್ಲಿ ನಿಂತವರು ಎಳೆದರೂ ಸುಲಭವಾಗಿ ಬಾರದಂತೆ ಭದ್ರವಾಗಿ ಕೂರಿಸಬೇಕೆಂಬುದು. ಇದನ್ನೆಲ್ಲ ಮಾಡುವಾಗ ಎಡಗೈಯನ್ನು ಮೇಜಿನ ಮೇಲೆ ಸುಮ್ಮನೆ ಇಟ್ಟಿರಬೇಕೆಂದೂ ಆತ ಹೇಳುತ್ತಾನೆ, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ಸೂಚನೆಯಲ್ಲಿ ಬೆಲೆಯುಳ್ಳದ್ದು ಅದೇ. ನೀವೂ ಹಾಗೆಯೇ ಪರೀಕ್ಷಿಸಿ: ವಾದ್ಯವನ್ನು ಸರಿಯಾಗಿ ಕೂರಿಸಿಕೊಂಡು ಎಡಗೈಯನ್ನು ಪೂರ್ತಿ ತೆಗೆದು, ಬಲಗೈಯಿಂದ ಬರಿ ತಂತಿಗಳನ್ನು ಎರಡು ನಿಮಿಷ ನುಡಿಸಿ. ಕುತ್ತಿಗೆ ಕದಲಿದರೆ ಬಾರಿನ ಅಳತೆ ಇನ್ನೂ ಸರಿಯಾಗಿಲ್ಲ ಎಂದರ್ಥ.

ಮೊದಲ ತಂತಿ ಇಳಿಯುವುದು ನಿಮ್ಮ ದಪ್ಪ ಲಾಡಿಯ ಕೆಲಸವೆಂದು ನನ್ನ ಅನುಮಾನ. ಮೇರುವಿಗೆ ಅತಿ ಹತ್ತಿರದ ಬಿರಡೆ ಮೊದಲ ತಂತಿಯದಾಗಿದ್ದರೆ, ಪಟ್ಟಿ ಎಳೆದಾಗಲೆಲ್ಲ ಲಾಡಿಯ ಗಂಟು ಆ ಬಿರಡೆಯನ್ನು ತಳ್ಳುತ್ತಿರುತ್ತದೆ. ಗಂಟನ್ನು ಕುತ್ತಿಗೆಯ ಕಡೆಗೆ ಸರಿಸಲು ಹೋಗಬೇಡಿ. ಅಲ್ಲಿ ಕರುಳಿನ ಮೆಟ್ಟುಗಳಿವೆ, ಅವು ಕಟ್ಟಿದವೇ ಹೊರತು ಹುದುಗಿಸಿದವಲ್ಲ, ಲಾಡಿ ತಾಗಿದರೆ ಸರಿದುಬಿಡುತ್ತವೆ.

ಉತ್ತರ: ಮಡಗಾಂವ್, ಗೋವಾ

ಗುಂಡಿಯ ಬಗ್ಗೆ ಮಾತ್ರ ಹೇಳುತ್ತೇನೆ. ನಾನು ಮರಗೆಲಸದವನು, ಸ್ಕ್ರೂ ಹಾಕಿ ಕೆಡಿಸಿದವನೂ ಹೌದು.

ಗಿಟಾರಿನ ಬಾಲದಲ್ಲಿ ಒಳಗಡೆ ದಪ್ಪ ಮರದ ದಿಮ್ಮಿ ಇರುತ್ತದೆ, ಸ್ಕ್ರೂ ಅದನ್ನು ಕಚ್ಚುತ್ತದೆ. ಲ್ಯೂಟಿನ ಕೊಡ ಸುಮಾರು ಒಂದೂವರೆ ಮಿಲಿಮೀಟರ್ ದಪ್ಪದ ಪಟ್ಟೆಗಳನ್ನು ಬಾಗಿಸಿ ಅಂಚಿಗೆ ಅಂಚು ಅಂಟಿಸಿ ಮಾಡಿದ್ದು. ಬಾಲದಲ್ಲಿ ಅವೆಲ್ಲ ಕೂಡುವ ಜಾಗಕ್ಕೆ ಹೊರಗಿನಿಂದ ಒಂದು ತೆಳು ಮರದ ಕವಚ, ಒಳಗಿನಿಂದ ಒಂದು ಆಸರೆಯ ಪಟ್ಟಿ, ಅಷ್ಟೇ. ಮೂರು ವರ್ಷಗಳ ಹಿಂದೆ ನನ್ನ ವಾದ್ಯಕ್ಕೆ ನಾನೇ ಸ್ಕ್ರೂ ತಿರುಗಿಸಿದಾಗ ಮೊದಲ ಎರಡು ಸುತ್ತಿನಲ್ಲಿ ಏನೂ ಆಗಲಿಲ್ಲ, ಮೂರನೆಯದರಲ್ಲಿ ಹಪ್ಪಳ ಮುರಿದಂಥ ಸಣ್ಣ ಸದ್ದು ಬಂತು. ಕವಚದ ಎಳೆಯುದ್ದಕ್ಕೂ ಕೂದಲಿನಷ್ಟು ತೆಳುವಾದ ಬಿರುಕು ಓಡಿತ್ತು. ಒಳಗಿನಿಂದ ಆಸರೆ ಕೊಡೋಣವೆಂದರೆ ಗಿಟಾರಿನಂತೆ ಕೈ ಹಾಕುವ ರಂಧ್ರವೂ ಲ್ಯೂಟಿಗಿಲ್ಲ. ಇರುವುದು ಮುಖಹಲಗೆಯಲ್ಲೇ ಕೊರೆದ, ಗುಲಾಬಿ ಎನ್ನುವ ಜಾಲರಿ, ಅದರ ಕಿಂಡಿಗಳಲ್ಲಿ ಬೆರಳು ಸಹ ಹೋಗದು. ಮುಖಹಲಗೆ ಬಿಚ್ಚದೆ ಒಳಗಿನ ಕೆಲಸ ಮಾಡುವುದು ಸಾಧ್ಯವಿಲ್ಲವೆಂದೇ ತಿಳಿಯಿರಿ. ಆದ್ದರಿಂದ ರಿಪೇರಿಯವರಿಗೆ ಬೇಡವೆಂದು ಹೇಳಿ.

ಕಿರ್ ಎನ್ನುವ ಸದ್ದಿಗೆ ಬಹುಶಃ ಹವೆಯೇ ಕಾರಣ. ಗುಂಡಿ ಬಿರಡೆಯಂತೆ ತುದಿಗೆ ಸಣ್ಣಗಾಗುವ ಮರದ ಗೂಟ. ಪುಣೆಯ ಮಾರ್ಚ್, ಏಪ್ರಿಲ್ ತಿಂಗಳ ಒಣಗಾಳಿಗೆ ಕುಗ್ಗಿ ಸಡಿಲವಾಗುತ್ತದೆ, ಮಳೆಗಾಲದಲ್ಲಿ ತಾನಾಗಿಯೇ ಬಿಗಿಯಾಗುತ್ತದೆ. ಮೊದಲು ಅದನ್ನು ಅಂಟಿಸಲಾಗಿದೆಯೇ ಎಂದು ನೋಡಿ. ಬೆರಳಿನಿಂದ ಮೆಲ್ಲಗೆ ತಿರುಗಿಸಿದರೆ ತಿರುಗುವಂತಿದ್ದರೆ ಹೊರಗೆಳೆದು, ಗೂಟದ ಸುತ್ತ ತೆಳು ಕಾಗದದ ಒಂದೇ ಸುತ್ತು ಹಾಕಿ, ತಿರುವುತ್ತ ಒಳಗೆ ಒತ್ತಿ. ತಿರುಗದಿದ್ದರೆ ಕೈ ಹಚ್ಚಬೇಡಿ, ಆಗ ಸದ್ದು ಬರುತ್ತಿರುವುದು ಕವಚದ ಅಂಟು ಬಿಟ್ಟ ಕಡೆಯಿಂದ ಇರಬಹುದು, ಅದನ್ನು ಲ್ಯೂಟ್ ಬಲ್ಲವರೇ ನೋಡಬೇಕು. ಫೆವಿಕ್ವಿಕ್ ಮಾತ್ರ ಹಾಕಬೇಡಿ. ಮಿರಜಿನಲ್ಲಿ ಸಿತಾರು, ತಂಬೂರಿ ಮಾಡುವ ಮನೆತನಗಳಿವೆಯಲ್ಲ, ಅಲ್ಲಿಗೆ ಒಯ್ಯಬಹುದೇ ಎಂದು ನೀವು ಕೇಳುವ ಮೊದಲೇ ಹೇಳುತ್ತೇನೆ: ಬಿರಡೆ ಕೂರಿಸುವ ಕೆಲಸಕ್ಕೆ ಅವರ ಕೈ ಬಹಳ ಚೆನ್ನ, ನನ್ನ ಎರಡು ಬಿರಡೆಗಳನ್ನು ಅಲ್ಲಿಯೇ ಸರಿಮಾಡಿಸಿದ್ದೇನೆ; ಆದರೆ ಕೊಡ ತೆರೆಯುವ ಕೆಲಸ ಬೇರೆಯೇ ವಿದ್ಯೆ.

ಪ್ರಶ್ನೆ ಕೇಳಿದವರಿಂದ, ಐದು ದಿನಗಳ ನಂತರ: ಕೋಥ್ರೂಡ್

ಇಬ್ಬರಿಗೂ ಕೃತಜ್ಞತೆಗಳು. ಗುಂಡಿ ಬೆರಳಿಗೆ ತಿರುಗಿತು. ಕಾಗದ ಸುತ್ತಿ ಕೂರಿಸಿದ ಮೇಲೆ ಸದ್ದು ನಿಂತಿದೆ. ತೊಗಲು ಕತ್ತರಿಸುವ ಮೊದಲು ಅಳತೆಗಾಗಿ ಹಳೆಯ ಪೈಜಾಮದ ಲಾಡಿಯನ್ನೇ ಗುಂಡಿಗೆ ಕಟ್ಟಿ ಅದರ ಮೇಲೆ ಕುಳಿತೆ. ಮೊದಲ ಸಲಕ್ಕೇ ಕುತ್ತಿಗೆ ನಿಂತಿತು, ಆದರೆ ವಾದ್ಯ ಬಲಕ್ಕೆ ಎಳೆದಂತಾಗಿ ಕುದುರೆಯ ಹತ್ತಿರ ಬಲಗೈ ಕಿರುಬೆರಳು ಊರುವ ಜಾಗವೇ ದೂರವಾಯಿತು. ಲಾಡಿಯನ್ನು ಉದ್ದ ಮಾಡಬೇಕೇ, ಗಿಡ್ಡ ಮಾಡಬೇಕೇ? ಇನ್ನೊಂದು ಪ್ರಶ್ನೆ: ಇಲ್ಲಿಯ ಕನ್ನಡ ಬಳಗದ ಕಾರ್ಯಕ್ರಮದಲ್ಲಿ ದಾಸರ ಪದ ಹಾಡುವವರ ಪಕ್ಕ ನಿಂತು ನುಡಿಸುವ ಪ್ರಸಂಗವಿದೆ. ದಾಸರು ತಂಬೂರಿಯನ್ನು ಹೆಗಲಿಗೆ ಹಾಕಿಕೊಂಡು ಊರೂರು ನಡೆದರಲ್ಲ, ನನಗೇಕೆ ಆಗುವುದಿಲ್ಲ ಎಂದು ಮನೆಯಲ್ಲಿ ಕೇಳುತ್ತಿದ್ದಾರೆ.

ಉತ್ತರ: ಮಾಟುಂಗಾ, ಮುಂಬಯಿ

ಉದ್ದ ಸರಿಯಿದೆಯೆಂದು ತೋರುತ್ತದೆ, ದಿಕ್ಕು ತಪ್ಪಿದೆ. ಲಾಡಿ ಗುಂಡಿಯಿಂದ ನೇರವಾಗಿ ಬಲಪಕ್ಕಕ್ಕೆ ಇಳಿದು ತೊಡೆಯ ಹೊರಗಿನಿಂದ ಒಳಗೆ ಹೋಗುತ್ತಿರಬೇಕು. ಅದು ಕೊಡದ ಕೆಳಗೆ ಹಿಂದಕ್ಕೆ ಹೋಗಿ, ಸೊಂಟದ ಹತ್ತಿರ ನಿಮ್ಮ ಕೆಳಗೆ ಸೇರಲಿ. ಆಗ ಎಳೆತ ಬಲಕ್ಕಲ್ಲದೆ ಕೆಳಕ್ಕೂ ಹೊಟ್ಟೆಯ ಕಡೆಗೂ ಇರುತ್ತದೆ. ಬಲಗಾಲಿನ ಕೆಳಗೆ ಒಂದು ಮಣೆ ಇಡಿ. ತೊಡೆ ಎತ್ತರವಾದಷ್ಟೂ ಲಾಡಿ ಬಿಗಿಯಾಗುವುದರಿಂದ ಪಾದವನ್ನು ಮುಂದೆ ಹಿಂದೆ ಸರಿಸಿಯೇ ನುಡಿಸುವ ಮಧ್ಯೆಯೂ ಹದ ಮಾಡಿಕೊಳ್ಳಬಹುದು. ನೆಲದ ಮೇಲೆ ಚಕ್ಕಳಮಕ್ಕಳ ಕೂರುವ ಅಭ್ಯಾಸ ನಿಮಗಿರುವುದರಿಂದ ಅದನ್ನೂ ಪ್ರಯತ್ನಿಸಿ, ಬಾರು ತೊಡೆಯ ಕೆಳಗೆ ಕುರ್ಚಿಗಿಂತ ಚೆನ್ನಾಗಿ ಸಿಕ್ಕಿಕೊಳ್ಳುತ್ತದೆ.

ದಾಸರ ತಂಬೂರಿಯಲ್ಲಿ ಎಡಗೈ ಮೆಟ್ಟು ಹಿಡಿಯಬೇಕಾಗಿಲ್ಲ, ಒಂದು ಕೈ ಶ್ರುತಿ ಮೀಟಿದರೆ ಆಯಿತು. ವಾದ್ಯ ಸ್ವಲ್ಪ ವಾಲಿದರೂ ಪದಕ್ಕೆ ಕುಂದಿಲ್ಲ. ಮನೆಯವರಿಗೆ ಇಷ್ಟು ಹೇಳಿ. ನಿಂತು ನುಡಿಸಲೇಬೇಕಾದರೆ ಹೆಗಲ ಪಟ್ಟಿ ಬೇಕಾಗುತ್ತದೆ. ಆಗ ನೈಲಾನಿನ ಬದಲು ಒಳಮೈ ಒರಟಾಗಿರುವ ತೊಗಲಿನ ಪಟ್ಟಿ ಇರಲಿ, ಬಿರಡೆಪೆಟ್ಟಿಗೆಯ ಬುಡದಲ್ಲಿ ತಂತಿಗಳ ಕೆಳಗಿನಿಂದ ಹಾಯುವ ಮೂರು ಮಿಲಿಮೀಟರಿನ ಸಣ್ಣ ದಾರವೇ ಸಾಕು, ಗಂಟು ಹಿಂಬದಿಗೆ ಬರಲಿ. ಪಟ್ಟಿಯನ್ನು ಗಿಡ್ಡವಾಗಿಟ್ಟು ಕೊಡವನ್ನು ಎದೆಯ ಕೆಳಭಾಗಕ್ಕೆ ಆನಿಸಿದರೆ ತೊಟ್ಟಿಲಾಟ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಹಿಂದೆ ಕೊಡದ ಬೆನ್ನಿನ ಮೇಲೆಯೇ ಗುಂಡಿ ಕೂರಿಸುವ ಕ್ರಮವೂ ಇತ್ತು. ಹಿಡಿತ ಆಳದಲ್ಲಿರುವುದರಿಂದ ಕೊಡ ಮೇಲೇಳುತ್ತದೆ, ಮುಖ ನೆಟ್ಟಗಾಗುತ್ತದೆ. ಆದರೆ ಮುಗಿದ ವಾದ್ಯಕ್ಕೆ ಅದನ್ನು ಹಾಕಿಸುವುದು ಮಡಗಾಂವಿನವರು ಹೇಳಿದ ಕಾರಣಕ್ಕೇ ಬೇಡ. ನಾನಾದರೆ ಸಂಘಟಕರಿಂದ ಕುರ್ಚಿಯೊಂದನ್ನು ಕೇಳಿ ಪಡೆಯುತ್ತೇನೆ.

ತೊಗಲಿನ ಬಗ್ಗೆ ಒಂದು ಮಾತು. ಕಪ್ಪು ಬಣ್ಣ ಹಾಕಿದ ಅಗ್ಗದ ಬೆಲ್ಟನ್ನು ಕತ್ತರಿಸಿ ಬಾರು ಮಾಡಬೇಡಿ. ಮುಂಬಯಿಯ ಜೂನಿನಲ್ಲಿ ನನ್ನದು ಬೆವರಿಗೆ ಬಣ್ಣ ಬಿಟ್ಟು, ಕೊಡದ ತಿಳಿ ಮೇಪಲ್ ಪಟ್ಟೆಯ ಮೇಲೆ ಹೆಬ್ಬೆಟ್ಟಿನಷ್ಟು ಕಲೆ ಮಾಡಿದೆ, ಇನ್ನೂ ಹೋಗಿಲ್ಲ.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ: ಕೋಥ್ರೂಡ್

ಕೊಲ್ಹಾಪುರಿ ಚಪ್ಪಲಿ ಹೊಲಿಯುವ ಒಬ್ಬರ ಬಳಿ ಬಣ್ಣ ಹಾಕದ, ತೊಗಟೆಯಲ್ಲಿ ಹದ ಮಾಡಿದ ತೊಗಲಿನ ತುಂಡು ಸಿಕ್ಕಿತು. 70 ಸೆಂ.ಮೀ. ಉದ್ದ, ಎರಡು ಬೆರಳು ಅಗಲ. ಒಂದು ತುದಿಯಲ್ಲಿ ಗುಂಡಿಗೆ ತಕ್ಕ ತೂತು ಹೊಡೆದು, ಅದರಿಂದ ಒಂದು ಸೆಂಟಿಮೀಟರಿನ ಸೀಳು ಕೊಟ್ಟು, ಸೀಳು ಮುಂದಕ್ಕೆ ಹರಿಯದಂತೆ ಅದರ ಕೊನೆಗೆ ಸಣ್ಣ ತೂತನ್ನೂ ಅವರೇ ಹೊಡೆದುಕೊಟ್ಟರು, ಚಪ್ಪಲಿಯ ಬಾರಿಗೂ ಹಾಗೆಯೇ ಮಾಡುತ್ತಾರಂತೆ. ಬಕಲ್ ಹಾಕಿಸಲಿಲ್ಲ, ಕೊಡಕ್ಕೆ ಗೀರು ಬೀಳಬಾರದೆಂದು.

ಎಡಗೈ ತೆಗೆದು ಎರಡು ನಿಮಿಷ ನುಡಿಸುವ ಪರೀಕ್ಷೆಯಲ್ಲಿ ಕುತ್ತಿಗೆ ಕದಲುವುದಿಲ್ಲ. ಶ್ಯಾಮಿ ತೊಗಲು ಹಾಸಿದ ಮೇಲೆ ಮುಖವೂ ನೆಟ್ಟಗಿದೆ, ಮುಕ್ಕಾಲು ಗಂಟೆಯಾದ ಮೇಲೆ ಸ್ವಲ್ಪ ವಾಲುತ್ತದೆ, ಒಮ್ಮೆ ಸರಿಪಡಿಸಿದರೆ ಸಾಕು. ಬಿರಡೆಯ ಬಳಿಯ ಲಾಡಿ ಬಿಚ್ಚಿದ ದಿನದಿಂದ ಮೊದಲ ತಂತಿಯೂ ನಿಂತಿದೆ. ಹೆಬ್ಬೆರಳ ನೋವು ಪೂರ್ತಿ ಹೋಗಿಲ್ಲ. ಕುತ್ತಿಗೆಯನ್ನು ಹೊರುವ ಕೆಲಸ ತಪ್ಪಿದ್ದರೂ ಬೆರಳಿಗೆ ಅದು ಇನ್ನೂ ತಿಳಿದಿಲ್ಲ, ಅಭ್ಯಾಸಬಲದಿಂದ ಹಿಡಿದೇ ಇರುತ್ತದೆ. ಕಾರ್ಯಕ್ರಮದಲ್ಲಿ ಕುರ್ಚಿ ಕೊಡುತ್ತೇವೆಂದು ಹೇಳಿದ್ದಾರೆ. ಮಣೆ ಮಾತ್ರ ನಾನೇ ಮನೆಯಿಂದ ಒಯ್ಯಬೇಕು.