ಅವ್ವನ ಬೆನ್ನು, ಕಾಕಾ ಕಳಿಸಿದ ವಿಡಿಯೋ

ಸಣ್ಣ ಕಾಕಾ: (ಫಾರ್ವರ್ಡ್ ವಿಡಿಯೋ) ಎಲ್ಲರೂ ನೋಡಿ. ಬೆನ್ನು ಮೂಳೆ ಮುರಿದರೆ ಸೂಜಿಯಿಂದ ಸಿಮೆಂಟ್ ಹಾಕುತ್ತಾರೆ. ಕೊಯ್ಯುವುದಿಲ್ಲ, ಅದೇ ದಿನ ಮನೆಗೆ. ಅತ್ತಿಗೆಗೆ ಇದನ್ನೇ ಮಾಡಿಸೋಣ. ಇಪ್ಪತ್ತು ದಿನದಿಂದ ಒದ್ದಾಡುತ್ತಿದ್ದಾರೆ.

ದೊಡ್ಡಣ್ಣ: ನಾಳೆಯೇ ಹೋಗಿ. ರೊಕ್ಕ ನಾನು ಕಳಿಸುತ್ತೇನೆ.

ಅಕ್ಕ: ಬೆನ್ನಿಗೆ ಸಿಮೆಂಟಾ? ಬೇಡವೇ ಬೇಡ. ಸೊಂಟದ ಕೆಳಗೆ ಸ್ವಾಧೀನ ಹೋದರೆ? ಎಣ್ಣೆ ಹಚ್ಚಿ ನೀವಿಸೋಣ, ಮೂರು ತಿಂಗಳು ಮಲಗಿರಲಿ.

ನಾನು: ಅಕ್ಕಾ, ಕೈ ಮುಗಿಯುತ್ತೇನೆ, ನೀವಿಸುವುದು ಮಾತ್ರ ಬೇಡ. ಮುರಿದ ಮೂಳೆ ಒತ್ತಿದರೆ ಇನ್ನೂ ಕುಸಿಯಬಹುದು.

ಅವ್ವನ ಹತ್ತಿರ ಇರುವವಳು ನಾನು. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ. ಅವತ್ತು ಅವ್ವ ಬಿದ್ದಿಲ್ಲ. ವಿದ್ಯಾಗಿರಿಯಿಂದ ನವನಗರಕ್ಕೆ ಬರುವಾಗ ಹಂಪ್ ಮೇಲೆ ಸ್ಕೂಟರ್ ಒಮ್ಮೆ ಎಗರಿತು, ಅಷ್ಟೇ. ಗಟ್ಟಿ ಮೂಳೆ ಅಷ್ಟಕ್ಕೆ ಕುಸಿಯಲ್ಲ.

ಎರಡು ವರ್ಷದ ಹಿಂದೆ, ಕುಂಕುಮ ಹಚ್ಚಿಕೊಳ್ಳುವಾಗ ಹಣೆ ಕಾಣುವುದಿಲ್ಲ, ಕನ್ನಡಿ ಕೆಳಗಿಳಿಸು ಅಂದಿದ್ದಳು. ನಾನೇ ನಾಲ್ಕು ಬೆರಳು ಕೆಳಗೆ ಮೊಳೆ ಹೊಡೆದೆ. ಹಳೆ ಮೊಳೆಯ ತೂತು ಗೋಡೆಯಲ್ಲಿ ಇನ್ನೂ ಇದೆ. ಅವ್ವ ಕುಗ್ಗಿದ್ದಾಳೆ ಅಂತ ಆಗ ಹೊಳೆಯಲೇ ಇಲ್ಲ. ಈಗ ಎಕ್ಸ್‌ರೇಯಲ್ಲಿ ಎರಡು ಮೂಳೆ ಕುಸಿದಿವೆ, ಡಿ 11 (ಎದೆಯ ಹಿಂದಿನ ಹನ್ನೊಂದನೆಯದು) ಮತ್ತು ಎಲ್ 1 (ಅದರ ಕೆಳಗೆ, ಸೊಂಟದ ಭಾಗದ ಮೊದಲನೆಯದು). ಇಟ್ಟಿಗೆಯಂತೆ ಇರಬೇಕಾದದ್ದು ಮುಂದುಗಡೆ ಚಪ್ಪಟೆಯಾಗಿ ಬೆಣೆಯಂತಾಗಿದೆ. ನೋವು ಯಾವುದರಿಂದ? ಅದಕ್ಕೆ ಎಂಆರ್‌ಐ ಬೇಕು. ಹೊಸದಾಗಿ ಮುರಿದದ್ದರ ಒಳಗೆ ನೀರು ಬಂದು, ಅದು ಬೆಳ್ಳಗೆ ಕಾಣುತ್ತದೆ. ಕೂಡಿಕೊಂಡ ಹಳೆ ಮೂಳೆಗೆ ಸಿಮೆಂಟ್ ಹಾಕಿ ಏನು ಉಪಯೋಗ? ಕ್ಷಯವೋ ಗಡ್ಡೆಯೋ ಇದ್ದರೂ ಅದರಲ್ಲೇ ಸುಳಿವು ಸಿಗುತ್ತದೆ.

ದೊಡ್ಡಣ್ಣ: ಸರಿ. ಆದರೆ ಮಗ್ಗುಲು ಬದಲಿಸುವಾಗ ಅಳುತ್ತಾಳೆ ಅಂತ ನೀನೇ ಹೇಳಿದ್ದೆ. ಮಲಗಿಯೇ ಇದ್ದರೆ ಕಫ ಕಟ್ಟುತ್ತದೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಕಾಯುವುದು ನಮಗೆ ಸುಲಭ, ಅವಳಿಗಲ್ಲ.

ನಾನು: ಈ ಮಾತು ನಿಜ ಅಣ್ಣ. ಅದಕ್ಕೇ ಮೂರು ತಿಂಗಳು ಮಲಗಿಸುವುದೂ ಬೇಡ ಅನ್ನುತ್ತೇನೆ.

ಸಿಮೆಂಟ್ ಹೊಸದೇನಲ್ಲ. 1984ರಲ್ಲೇ ಫ್ರಾನ್ಸಿನಲ್ಲಿ ಮೊದಲು ಮಾಡಿದರು. ವರ್ಟೆಬ್ರೋಪ್ಲಾಸ್ಟಿ ಅಂತ ಹೆಸರು. ಬೋರಲು ಮಲಗಿಸಿ, ಎಕ್ಸ್‌ರೇ ಪರದೆ ನೋಡುತ್ತಾ ಸೂಜಿ ಇಳಿಸಿ, ಮೂಳೆಯೊಳಗೆ ಕೆಲವೇ ಎಂ.ಎಲ್. ಬಿಡುತ್ತಾರೆ. ಮೊದಲು ಬಲೂನ್ ಉಬ್ಬಿಸಿ ಜಾಗ ಮಾಡಿಕೊಂಡರೆ ಅದು ಕೈಫೋಪ್ಲಾಸ್ಟಿ. ಮಂಡಿ ಬದಲಿಸುವಾಗ ಬಳಸುವ ಸಿಮೆಂಟೂ ಇದೇ ಜಾತಿಯದು.

ಆದರೆ ವಿಡಿಯೋದಲ್ಲಿ ಒಂದು ಮಾತು ಇಲ್ಲ. 2009ರಲ್ಲಿ ಎರಡು ಕಡೆ ಪರೀಕ್ಷೆ ಮಾಡಿದರು. ಕೆಲವರಿಗೆ ಸಿಮೆಂಟ್ ಹಾಕಿದರು, ಕೆಲವರಿಗೆ ಹಾಕಿದಂತೆ ಮಾಡಿದರು, ಹಾಕಲಿಲ್ಲ. ನೋವು ಎರಡೂ ಗುಂಪಿಗೆ ಹೆಚ್ಚುಕಮ್ಮಿ ಒಂದೇ ಥರ ಇಳಿಯಿತು. 2016ರ ಆಸ್ಟ್ರೇಲಿಯಾದ ಪರೀಕ್ಷೆಯಲ್ಲಿ ಮಾತ್ರ, ಮುರಿದು 6 ವಾರ ದಾಟದ, ನೋವು ಜೋರಾಗಿದ್ದವರಿಗೆ ಅನುಕೂಲ ಕಂಡಿತು. 2018ರಲ್ಲಿ ನೆದರ್‌ಲ್ಯಾಂಡ್ಸ್‌ನವರು ಮತ್ತೆ ವ್ಯತ್ಯಾಸ ಇಲ್ಲ ಅಂದರು. ಡಾಕ್ಟರುಗಳಲ್ಲೇ ಒಮ್ಮತ ಇಲ್ಲ. ನಾಳೆಯೇ ಓಡಬೇಕು ಅನ್ನುವಷ್ಟು ಖಾತ್ರಿ ನಮಗೆ ಎಲ್ಲಿಂದ ಬಂತು?

ಅಕ್ಕ: ನಾನು ಹೆದರಿದ್ದು ಸುಳ್ಳಾ ಹಾಗಾದರೆ?

ನಾನು: ಸುಳ್ಳಲ್ಲ. ಸಿಮೆಂಟ್ ಸ್ವಲ್ಪ ಹೊರಗೆ ಸೋರುವುದು ಸಾಮಾನ್ಯ, ಬಹಳ ಸಲ ತೊಂದರೆ ಆಗುವುದಿಲ್ಲ. ಅಪರೂಪಕ್ಕೆ ನರದ ಮೇಲೆ ಒತ್ತುತ್ತದೆ, ಶ್ವಾಸಕೋಶಕ್ಕೂ ಹೋಗಬಹುದು. ಇನ್ನೊಂದು ಕಡೆ, ಸುಮಾರು ಜನಕ್ಕೆ 6ರಿಂದ 12 ವಾರದಲ್ಲಿ ಮೂಳೆ ತಾನೇ ಕೂಡಿ ನೋವು ತಗ್ಗುತ್ತದೆ. ಎಂಆರ್‌ಐಯಲ್ಲಿ ಹೊಸ ಮುರಿತ ಅಂತ ಕಂಡು, ಮಾತ್ರೆ ಕೊಟ್ಟರೂ ಏಳಲು ಆಗದಿದ್ದರೆ ನಾನೇ ಸಹಿ ಹಾಕುತ್ತೇನೆ.

ನನಗೆ ಹೊಟ್ಟೆ ಉರಿಯುವುದು ಬೇರೆ. ಉಬ್ಬಸಕ್ಕೆ ವರ್ಷಗಟ್ಟಲೆ ಸ್ಟಿರಾಯ್ಡ್ ಮಾತ್ರೆ ನುಂಗಿದಳು. ಮೂಳೆ ಸವೆಯುತ್ತದೆ, ಒಮ್ಮೆ ನೋಡಿಸಿ ಅಂತ ಒಬ್ಬರೂ ಹೇಳಲಿಲ್ಲ. (ಹಾಗಂತ ಈಗ ಯಾರೂ ಅದನ್ನು ತಟ್ಟನೆ ನಿಲ್ಲಿಸಬೇಡಿ, ಅಪಾಯ.) ಸಿಮೆಂಟ್ ಹಾಕಿದರೂ ಆ ಒಂದು ಮೂಳೆಗೆ ಮಾತ್ರ. ಮೇಲಿನದ್ದು, ಕೆಳಗಿನದ್ದು ಹಾಗೇ ಜೊಳ್ಳಾಗಿದ್ದರೆ ನಾಳೆ ಅದೂ ಕುಸಿಯುತ್ತದೆ. ಮೂಳೆ ಎಷ್ಟು ಗಟ್ಟಿ ಇದೆ ಅಂತ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಬೇಕು. ಡಿ ವಿಟಮಿನ್, ಕಿಡ್ನಿ ನೋಡಿಕೊಂಡು ಮೂಳೆಗೆ ಔಷಧಿ ಶುರು ಮಾಡಬೇಕು. ವಾರಕ್ಕೊಂದು ಮಾತ್ರೆ ಇದೆ, ವರ್ಷಕ್ಕೊಂದು ಡ್ರಿಪ್ಪೂ ಇದೆ. ಅಣ್ಣ, ರೊಕ್ಕ ಇದಕ್ಕೆ ಕಳಿಸು.

ದೊಡ್ಡಣ್ಣ: ಎಂಆರ್‌ಐಗೂ ಡೆಕ್ಸಾಗೂ ಈಗಲೇ ಕಳಿಸಿದೆ. ರಾತ್ರಿ ಏನಾದರೂ ಆದರೆ?

ನಾನು: ಕಾಲು ಸೋತರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲು ಆಗದಿದ್ದರೆ ಆಗಿಂದಾಗಲೇ ಆಸ್ಪತ್ರೆಗೆ ಒಯ್ಯಬೇಕು. ಆಗ ಬೆಳಗಾಗಲಿ ಅಂತ ಕಾಯುವಂತಿಲ್ಲ.

ಸಣ್ಣ ಕಾಕಾ: ಸೋಮವಾರ ಕಾರು ನಾನು ತರುತ್ತೇನೆ. ಹಂಪ್ ಬಂದಲ್ಲಿ ನಿಲ್ಲಿಸಿ ದಾಟಿಸುತ್ತೇನೆ. ಹಳೆ ಎಕ್ಸ್‌ರೇ ಎಲ್ಲ ಹುಡುಕಿಡು.

ಅಕ್ಕ: ಈಗ ಏನು ಮಾಡುತ್ತಿದ್ದಾಳೆ?

ನಾನು: ಬೆಲ್ಟ್ ಕಟ್ಟಿಕೊಂಡು, ಗೋಡೆ ಹಿಡಿದು ಕನ್ನಡಿ ತನಕ ನಡೆದಳು. ಹಣೆ ಮತ್ತೆ ಕಾಣುವುದಿಲ್ಲವಂತೆ. ಇನ್ನೆರಡು ಬೆರಳು ಇಳಿಸಬೇಕು.