ಕರ್ಕ್ಯುಮಿನ್ ಕೊಟ್ಟ ಎಂಸಿಎಫ್-7: ಬಿಸಿಎಲ್-2 ಒಮ್ಮೆ ಇಳಿಯುತ್ತೆ, ಒಮ್ಮೆ ಇಲ್ಲ

ಅರಿಶಿನಕೊಂಬು:
ಸ್ತನ ಕ್ಯಾನ್ಸರ್‌ನ ಎಂಸಿಎಫ್-7 ಕೋಶಗಳಿಗೆ 20 ಮೈಕ್ರೋಮೋಲಾರ್ ಕರ್ಕ್ಯುಮಿನ್ (ಅರಿಶಿನದ ಹಳದಿ ಅಂಶ), 24 ಗಂಟೆ. ಕ್ಯೂಪಿಸಿಆರ್‌ನಲ್ಲಿ (ಎಂಆರ್‌ಎನ್‌ಎ ಅಳೆಯುವ ವಿಧಾನ) ಕೋಶ ಸಾಯದಂತೆ ತಡೆಯುವ ಜೀನ್ ಬಿಸಿಎಲ್-2ರ ಎಂಆರ್‌ಎನ್‌ಎ ಒಂದು ಸಲ ಅರ್ಧಕ್ಕಿಳಿದರೆ ಇನ್ನೊಂದು ಸಲ ಕದಲೋದೇ ಇಲ್ಲ. ಎಂಟಿಟಿ (ಬದುಕಿರೋ ಕೋಶ ನೇರಳೆಗೆ ತಿರುಗಿಸುವ ಬಣ್ಣದ ಪರೀಕ್ಷೆ) ನೋಡಿದರೆ ಕೋಶಗಳೆಲ್ಲ ಆರಾಮಾಗಿವೆ ಅನ್ನುತ್ತೆ. ಮೀಡಿಯಾದಲ್ಲಿ (ಕೋಶ ಬೆಳೆಸುವ ದ್ರವ) ಸೀರಮ್ ಇಲ್ಲ, ಹೋಲಿಕೆಗೆ ಇಡುವ ರೆಫರೆನ್ಸ್ ಜೀನ್ ಜಿಎಪಿಡಿಎಚ್ ಒಂದೇ. ಅನೆಕ್ಸಿನ್ ವಿ-ಎಫ್‌ಐಟಿಸಿ (ಸಾಯುತ್ತಿರೋ ಕೋಶಕ್ಕೆ ಹಸಿರು ಹೊಳಪಿನ ಗುರುತು ಹಾಕುವ ಪರೀಕ್ಷೆ) ಕೂಡ ಮಾಡಬೇಕೆಂದಿದೆ. ಎಲ್ಲಿ ಎಡವಟ್ಟು?

ಪಿಪೆಟ್ ಸುಬ್ಬು:
ಮೊದಲ ಅನುಮಾನ ಸೀರಮ್ ಮೇಲೇ. ಸೀರಮ್ ಇಲ್ಲದ ಬಫರ್‌ನಲ್ಲಿ, 37 ಡಿಗ್ರಿ, ಪಿಎಚ್ 7.2ರಲ್ಲಿ ಸುಮಾರು 90% ಕರ್ಕ್ಯುಮಿನ್ 30 ನಿಮಿಷದಲ್ಲೇ ಒಡೆದುಹೋಗುತ್ತೆ. ಅಂದರೆ ಉಳಿದ ಇಪ್ಪತ್ಮೂರುವರೆ ಗಂಟೆ ನೀವು ಅಳೆಯುತ್ತಿರೋದು ಅದರ ಚೂರುಗಳ ಪರಿಣಾಮ. 10% ಸೀರಮ್ ಇದ್ದರೆ 8 ಗಂಟೆ ಆದ ಮೇಲೂ ಅರ್ಧದಷ್ಟು ಉಳಿದಿರುತ್ತೆ. ಆದರೆ ಸೀರಮ್‌ನಲ್ಲಿರೋ ಆಲ್ಬುಮಿನ್ ಪ್ರೋಟೀನ್ ಅದನ್ನು ಹಿಡಿದಿಟ್ಟುಕೊಳ್ಳುವುದರಿಂದ ಡೋಸ್ ಕರ್ವ್ ಹೊಸದಾಗಿ ಹಾಕಲೇಬೇಕು.

ಸ್ಟಾಕ್: 7.37 ಮಿಗ್ರಾಂ ಕರ್ಕ್ಯುಮಿನ್, 1 ಮಿಲೀ ಡಿಎಂಎಸ್‌ಒ (ಕರಗಿಸುವ ದ್ರಾವಕ), ಆಗ 20 ಮಿಲಿಮೋಲಾರ್. 1 ಮಿಲೀ ಮೀಡಿಯಾಗೆ 1 ಮೈಕ್ರೋಲೀಟರ್ ಹಾಕಿದರೆ ಡಿಎಂಎಸ್‌ಒ 0.1% ಮಾತ್ರ, ಕಂಟ್ರೋಲ್‌ಗೂ ಅಷ್ಟೇ ಹಾಕಿ. ಬೆಳಕು ತಾಗದಂತೆ ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 20ರಲ್ಲಿಡಿ. ಬಾಟಲಿ ಮೇಲಿನ ಶುದ್ಧತೆಯನ್ನೂ ಓದಿ. ಅಗ್ಗದ್ದರಲ್ಲಿ ಡೀಮೆಥಾಕ್ಸಿ, ಬಿಸ್‌ಡೀಮೆಥಾಕ್ಸಿ ಎಂಬ ಸೋದರ ಕರ್ಕ್ಯುಮಿನ್‌ಗಳು ಬೆರೆತೇ ಬರುತ್ತವೆ.

ಕರ್ಕ್ಯುಮಿನ್‌ನಂಥ ಪಾಲಿಫಿನಾಲ್‌ಗಳು ಕೋಶವೇ ಇಲ್ಲದಿದ್ದರೂ ಎಂಟಿಟಿಯನ್ನು ನೇರಳೆಗೆ ತಿರುಗಿಸಬಲ್ಲವು. ಪ್ಲೇಟ್‌ನ ಕೋಶವಿಲ್ಲದ ಗುಳಿಗಳಲ್ಲಿ ಬರೀ ಮೀಡಿಯಾ, ಕರ್ಕ್ಯುಮಿನ್ ಇಟ್ಟು ನೋಡಿ. ಎಂಟಿಟಿ ಹಾಕುವ ಮೊದಲು ಪಿಬಿಎಸ್ ಉಪ್ಪುದ್ರಾವಣದಿಂದ ಕೋಶಗಳನ್ನು ತೊಳೆಯಿರಿ.

ಜೀನ್‌ಮನೆ:
ಸುಬ್ಬು ಅವರ ಮಾತಿಗೆ ಸೇರಿಸ್ತೀನಿ. ಜೀನ್ ನಿಯಂತ್ರಣ ನೋಡೋಕೆ 24 ಗಂಟೆ ತೀರಾ ತಡ. ಸಾಯುತ್ತಿರುವ ಕೋಶದಲ್ಲಿ ಎಲ್ಲ ಎಂಆರ್‌ಎನ್‌ಎಯೂ ಇಳಿಯುತ್ತೆ. 2, 4, 8 ಗಂಟೆಗೆ ಆರ್‌ಎನ್‌ಎ ತೆಗೆಯಿರಿ, ಜಿಎಪಿಡಿಎಚ್ ಜೊತೆ ಇನ್ನೊಂದು ರೆಫರೆನ್ಸ್ ಜೀನ್ ಇರಲಿ. ಬಿಸಿಎಲ್-2 ಇಳಿಯೋದು ಎನ್‌ಎಫ್-ಕಪ್ಪಾಬಿ (ಜೀನ್‌ಗಳನ್ನು ಚಾಲೂ ಮಾಡುವ ಪ್ರೋಟೀನ್) ಮೂಲಕವೇ ಅಂತ ಹೇಳಬೇಕಾದರೆ ಮೊದಲು ಕರ್ಕ್ಯುಮಿನ್, ಆಮೇಲೆ ಅದನ್ನು ಕೆರಳಿಸುವ ಟಿಎನ್‌ಎಫ್-ಆಲ್ಫಾ 10 ನ್ಯಾನೋಗ್ರಾಂ/ಮಿಲೀ, 30 ನಿಮಿಷ; ಅದರ ಭಾಗವಾದ ಪಿ65 ನ್ಯೂಕ್ಲಿಯಸ್‌ಗೆ ಹೋಗೋದು ನಿಂತಿತಾ ನೋಡಿ.

ಎಫ್‌ಐಟಿಸಿ ಬಿಡಿ. ಕರ್ಕ್ಯುಮಿನ್ ತಾನೇ ಹಸಿರಾಗಿ ಹೊಳೆಯುತ್ತೆ, ಬದುಕಿರೋ ಕೋಶವೂ ಸತ್ತಂತೆ ಕಾಣುತ್ತೆ. ಕೆಂಪಾಗಿ ಹೊಳೆಯುವ ಎಪಿಸಿ ಬಳಸಿ. ಎಂಸಿಎಫ್-7ನಲ್ಲಿ ಕ್ಯಾಸ್ಪೇಸ್-3 (ಕೋಶದ ಸಾವನ್ನು ನಡೆಸುವ ಕಿಣ್ವ) ಇಲ್ಲ, ಅದರ ಬ್ಲಾಟ್ (ಪ್ರೋಟೀನ್ ಪರೀಕ್ಷೆ) ಮಾಡಿ ದುಡ್ಡು ಕಳೀಬೇಡಿ, ಕ್ಯಾಸ್ಪೇಸ್-7 ನೋಡಿ.

ಮೆಣಸುಕಾಳು:
ಡೋಸ್ ಸರಣಿಯಲ್ಲಿ 1 ಮೈಕ್ರೋಮೋಲಾರ್ ಕೂಡ ಇರಲಿ. ದಿನಕ್ಕೆ 8 ಗ್ರಾಂ ನುಂಗಿದವರ ರಕ್ತದಲ್ಲೂ ಗರಿಷ್ಠ ಮಟ್ಟ 2 ಮೈಕ್ರೋಮೋಲಾರ್ ಮುಟ್ಟಿರಲಿಲ್ಲ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಗ್ರಾಂ ಪೈಪರಿನ್ (ಕರಿಮೆಣಸಿನ ಖಾರದ ಅಂಶ) ಕೊಟ್ಟು ಹೀರಿಕೆ 2000% ಏರಿದ್ದನ್ನು ತೋರಿಸಿದರು. ಹಾಗಂತ ಕೀಮೋ ತಗೊಳ್ಳೋವ್ರಿಗೆ ಕರಿಮೆಣಸಿನ ಮಾತ್ರೆ ಹೇಳಿಬಿಡಬೇಡಿ. ಪೈಪರಿನ್ ಸಿವೈಪಿ3ಎ4 ಕಿಣ್ವವನ್ನು ತಡೆಯುತ್ತೆ, ಕೀಮೋ ಔಷಧಿ ಡೋಸಿಟಾಕ್ಸೆಲ್ ದೇಹದಲ್ಲಿ ಒಡೆದುಹೋಗೋದು ಅದೇ ಕಿಣ್ವದಿಂದ.