ಸಿವಿಲ್ 94 ಬ್ಯಾಚ್: ರಮೇಶ ಹಾಕಿದ ಬ್ರೋಷರ್

ರಮೇಶ: ಬಿಲ್ಡರ್ ಕಳಿಸಿದ್ದು 👇 "ಬೆಂಗಳೂರು ಭೂಕಂಪ ವಲಯ 2. ಭಯವೇ ಇಲ್ಲ! 22 ಮಹಡಿ, ವಿಶಾಲ ಪಾರ್ಕಿಂಗ್." ನಾಳೆ ಅಡ್ವಾನ್ಸ್ ಕೊಡ್ತಿದೀನಿ.

ಸುಧಾ: "ಭಯವೇ ಇಲ್ಲ" ಅಂತ ಬರೆದವರು ಯಾರಪ್ಪ? ಮಹಾರಾಷ್ಟ್ರದ ಕಿಲ್ಲಾರಿ ಇದ್ದಿದ್ದು ವಲಯ 1ರಲ್ಲಿ, ನಕ್ಷೇಲಿ ಎಲ್ಲಕ್ಕಿಂತ ಕಮ್ಮಿ ಅಪಾಯದ ಬಣ್ಣ. 1993ರಲ್ಲಿ 6.2 ತೀವ್ರತೆಯ ಭೂಕಂಪ ಬಂತು. 2002ರ ಭೂಕಂಪ ಕೋಡ್‌ನಲ್ಲಿ (ಕಟ್ಟಡ ವಿನ್ಯಾಸದ ನಿಯಮಾವಳಿ) ಆ ವಲಯಾನೇ ಎತ್ತಿಬಿಟ್ರು.

ಬಸು: ಗಣಪತಿ ಹಬ್ಬಕ್ಕ ಕಲಬುರ್ಗಿಗೆ ಹೋಗಿದ್ದೆ ಆವಾಗ. ನಸುಕಿನ್ಯಾಗ ನಾಕಕ್ಕ ಇನ್ನಾ ಸ್ವಲ್ಪ ಇತ್ತು. ಅಡಗಿ ಮನ್ಯಾಗಿನ ಹಿತ್ತಾಳಿ ಕೊಡ ಉಳ್ಳಿ ಬಿತ್ತು. ಅವ್ವ ಕಳ್ಳ ಬಂದಾನ ಅಂತ ಚೀರಿದ್ಲು.

ರಮೇಶ: ಅಲ್ಲಿ ಬಿದ್ದಿದ್ದು ಮಣ್ಣು-ಕಲ್ಲಿನ ಮನೆಗಳು ಕಣೋ. ಇದು ಆರ್‌ಸಿಸಿ.

ಸುಧಾ: 2001ರಲ್ಲಿ ಅಹಮದಾಬಾದ್‌ನಲ್ಲಿ ಬಿದ್ದಿದ್ದೂ ಆರ್‌ಸಿಸಿನೇ. ಭೂಕಂಪ ಆದ ಭುಜ್‌ನಿಂದ 200 ಕಿ.ಮೀ.ಗೂ ಆಚೆ, ವಲಯ 3. ಕೆಳಗೆ ಬರೀ ಕಂಬ ನಿಲ್ಲಿಸಿ ಪಾರ್ಕಿಂಗ್, ಮೇಲೆ ಗೋಡೆ ತುಂಬಿದ ಮನೆಗಳು. ನಿನ್ನ ಬ್ರೋಷರ್‌ನ ಎರಡನೇ ಫೋಟೋ ಜೂಮ್ ಮಾಡಿ ನೋಡು.

ಪೈ: ಎಂತ ಮಾರಾಯ್ತಿ, ಹೆದರಿಸುದು ಜಾಸ್ತಿ ಆಯ್ತು. ಎಲ್ಲಾದರೂ ಒಂದು ಗೆರೆ ಎಳೀಬೇಕಲ್ಲ? 50 ವರ್ಷದಲ್ಲಿ ಶೇ. 10 ಸಾಧ್ಯತೆ ಇರುವ ನಡುಕ, ಅಂದ್ರೆ ಸರಾಸರಿ 475 ವರ್ಷಕ್ಕೊಮ್ಮೆ ಬರುವ ಲೆಕ್ಕ. ಪ್ರಪಂಚದಲ್ಲಿ ಬಹಳ ಕಡೆ ಅದೇ ಹಿಡಿಯುದು.

ಸುಧಾ: ಆ ಲೆಕ್ಕದ ಮೇಲೆ ನನಗೆ ಸಿಟ್ಟಿಲ್ಲ ಪೈ. 2016ರ ಕೋಡ್ ವಲಯ 2ಕ್ಕೆ ಕೊಟ್ಟ ನಡುಕದ ಅಂಕಿ 0.10, ಅದು ಆ ಲೆಕ್ಕದಿಂದ ಬಂದಿದ್ದೇ ಅಲ್ಲ. ಹಿಂದೆ ಎಲ್ಲಿ ಎಷ್ಟು ನಡುಗಿತು ಅಂತ ನೋಡಿ ಬಣ್ಣ ಬಳಿದ ನಕ್ಷೆ ಅದು. ಇನ್ನು ಒಂದೊಂದು ಸೈಟಿಗೆ ಅಂತ ಸರಿಯಾಗಿ ಲೆಕ್ಕ ಹಾಕಿದ ರಿಪೋರ್ಟಲ್ಲೂ ಹೆಚ್ಚು-ಕಮ್ಮಿ ಎಷ್ಟು ಅಂತ ಹೇಳದೆ ಒಂದೇ ಅಂಕಿ, ಮೂರು ದಶಮಾಂಶ! ಕಳೆದ ತಿಂಗಳು ನಾನು ನೋಡಿದ ಒಂದರಲ್ಲಿ "ಮೀಡಿಯಂ ಸಾಯಿಲ್" ಅಂತಿತ್ತು. ನಾಲ್ಕನೇ ಪುಟದಲ್ಲಿ ಬೇರೆ ಸೈಟಿನ ಹೆಸರು ಹಾಗೇ ಉಳ್ಕೊಂಡಿತ್ತು.

ಬಸು: ಕಾಪಿ ಹೊಡ್ಯೂದು ಕಲ್ತಿದ್ದು ನಮ್ಮ ಲ್ಯಾಬ್ ರೆಕಾರ್ಡ್‌ನ್ಯಾಗ 😂

ಸುಧಾ: ನಗಬೇಡ, ಕೆಳಗಿನ ಮಣ್ಣು ಯಾವುದು ಅನ್ನೋದೇ ಮುಖ್ಯ. ಮೆಕ್ಸಿಕೋ ಸಿಟಿ, 1985. ಭೂಕಂಪ ಆಗಿದ್ದು 350 ಕಿ.ಮೀ. ಆಚೆ, ಕುಸಿದಿದ್ದು ಹಳೇ ಕೆರೆ ಪಾತ್ರದ ಮೇಲಿನ ಕಟ್ಟಡಗಳು. ನಮ್ಮ ಮೆಜೆಸ್ಟಿಕ್ ಧರ್ಮಾಂಬುಧಿ ಕೆರೆ, ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆ.

ಪೈ: ಅದು ಸರಿ ಹೋಲಿಕೆ ಅಲ್ಲ. ಅಲ್ಲಿ ಹತ್ತಾರು ಮೀಟರ್ ಮೆದು ಜೇಡಿ, 2 ಸೆಕೆಂಡಿಗೊಮ್ಮೆ ತೂಗ್ತದೆ. ಇಲ್ಲಿ 10 ಮೀಟರ್ ಹೂಳು ಅಂತ ಇಟ್ಕೋ, ಅದರಲ್ಲಿ ಭೂಕಂಪದ ಅಲೆಯ ವೇಗ ಸೆಕೆಂಡಿಗೆ 200 ಮೀ. ಹಿಡಿ. ನಾಲ್ಕು ಸಲ ಹತ್ತು, ಭಾಗಿಸು ಇನ್ನೂರು. 0.2 ಸೆಕೆಂಡಿಗೊಮ್ಮೆ ತೂಗ್ತದೆ. ಅದಕ್ಕೆ ತಾಳ ಹಾಕುದು 2 ಮಹಡಿ ಮನೆ.

ಸುಧಾ: ಒಪ್ಪಿದೆ. ಅಂದ್ರೆ ಕುಣಿಯೋದು ರಮೇಶನ 22 ಮಹಡಿ ಅಲ್ಲ, ನಮ್ಮ ಮನೆ. ಕೆರೆ ಅಂಗಳದ ಲೇಔಟ್ ನಮ್ಮದು 😐

ಪೈ: ಹಾಗೆ ಹೇಳ್ಲಿಕ್ಕೂ ಮಣ್ಣು ಪರೀಕ್ಷೆ ಬೇಕು.

ಸುಧಾ: ಅದನ್ನೇ ಅಲ್ವಾ ಬೆಳಗ್ಗೆಯಿಂದ ಬಡ್ಕೋತಿರೋದು!

ರಮೇಶ: ಈಗ ಅಡ್ವಾನ್ಸ್ ಕೊಡ್ಲೋ ಬೇಡ್ವೋ?

ಸುಧಾ: ಬೋರ್ ಲಾಗ್ ಕೇಳು, ನೆಲ ಕೊರೆದು ಯಾವ ಆಳದಲ್ಲಿ ಯಾವ ಮಣ್ಣಿದೆ ಅಂತ ಬರೆದ ದಾಖಲೆ. ಪಾರ್ಕಿಂಗ್ ಕಂಬಗಳ ಡ್ರಾಯಿಂಗ್ ಕೇಳು, ಉದ್ದ ಸರಳುಗಳ ಸುತ್ತ ಕಟ್ಟೋ ರಿಂಗಿನ ಕೊಕ್ಕೆ 135 ಡಿಗ್ರಿ ಒಳಕ್ಕೆ ಬಗ್ಗಿಸಿದಾರಾ ನೋಡು.

ರಮೇಶ: ಸೇಲ್ಸ್ ಹುಡುಗನಿಗೆ ಫೋನ್ ಮಾಡಿ ಬೋರ್ ಲಾಗ್ ಇದೆಯಾ ಅಂದೆ. "ಮೂರು ಬೋರ್ ಇದೆ ಸಾರ್, ಮೂರರಲ್ಲೂ ನೀರಿದೆ, ಕಾವೇರೀನೂ ಬರುತ್ತೆ" ಅಂದ.